ಗೋರಿ ಪಕ್ಕದಲ್ಲಿ ಚಹಾ, ಚಿನ್ನದ ಪೇಟೆಯಲ್ಲಿ ಊಟ: ಅಹಮದಾಬಾದಿನಲ್ಲಿ ಮೂರು ದಿನ

ಅಹಮದಾಬಾದಿಗೆ ಹೊರಡುವವರು ಮೊದಲು ನೋಡಬೇಕಾದದ್ದು ಕ್ಯಾಲೆಂಡರು. ಈ ಊರಿನ ವಿಚಿತ್ರ ಜಾಗಗಳಿಗೆಲ್ಲ ತಮ್ಮದೇ ವಾರ, ತಮ್ಮದೇ ಹೊತ್ತು. ಕ್ಯಾಲಿಕೊ ವಸ್ತ್ರ ಸಂಗ್ರಹಾಲಯಕ್ಕೆ ಬುಧವಾರ ರಜೆ. ನೆಲದಡಿಯ ಚಿತ್ರಗುಹೆ ಸೋಮವಾರ ತೆರೆಯುವುದಿಲ್ಲ, ಉಳಿದ ದಿನಗಳಲ್ಲೂ ಸಂಜೆ ನಾಲ್ಕರವರೆಗೆ ಬಾಗಿಲು ಹಾಕಿಯೇ ಇರುತ್ತದೆ. ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೆ ಕಟ್ಟಿದ ಗಿರಣಿ ಮಾಲೀಕರ ಭವನದೊಳಗೆ ಬಿಡುವುದು ಕಚೇರಿ ನಡೆಯುವ ದಿನಗಳಲ್ಲಿ. ನದಿದಂಡೆಯ ಹಳೇ ಸಾಮಾನಿನ ಸಂತೆ ಭಾನುವಾರ ಬಿಟ್ಟರೆ ಇಲ್ಲ. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಬೇಕೆಂದರೆ ಗುರುವಾರ ರಾತ್ರಿ ಊರು ಸೇರಿ, ಶುಕ್ರ, ಶನಿ, ಭಾನುವಾರ ಸುತ್ತುವುದೇ ಸರಿ. ಕ್ಯಾಲಿಕೊ ಪ್ರವೇಶವನ್ನು ಕೆಲವು ವಾರ ಮೊದಲೇ ಕಾಯ್ದಿರಿಸಬೇಕಾದ್ದರಿಂದ ಅದು ಖಾತ್ರಿಯಾದ ಮೇಲೆ ರೈಲು ಅಥವಾ ವಿಮಾನದ ಟಿಕೆಟ್ ತೆಗೆಯಿರಿ. ತಿರುವುಮುರುವು ಮಾಡಿದವರು ಆ ಗೇಟಿನಿಂದಲೇ ವಾಪಸಾಗುತ್ತಾರೆ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಜನವರಿ 14ರ ಉತ್ತರಾಯಣದ ಆಸುಪಾಸಿನಲ್ಲಿ ಗಾಳಿಪಟದ ಜನ ತುಂಬಿ ಕೋಣೆ ಬಾಡಿಗೆ ಏರಿರುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಕಲ್ಲಂಗಳ ದಾಟಲು ಆಗುವುದಿಲ್ಲ, ಇಲ್ಲಿ ದಾಟಬೇಕಾದ ಕಲ್ಲಂಗಳ ಬಹಳ. ವಸತಿಗೆ ಲಾಲ್ ದರವಾಜಾ, ಖಾನ್‌ಪುರ, ರಿಲೀಫ್ ರೋಡ್ ಕಡೆ ನೋಡಿ. ಹತ್ತಿರದ ಮೆಟ್ರೊ ನಿಲ್ದಾಣ ಘೀಕಾಂಟಾ. ಹಳೇ ಊರಿನ ಭಾಗವನ್ನೆಲ್ಲ ನಡೆದೇ ಮುಗಿಸಬಹುದು.

ಮೊದಲ ದಿನ, ಶುಕ್ರವಾರ

ಬೆಳಿಗ್ಗೆ ಏಳೂಮುಕ್ಕಾಲರ ಹೊತ್ತಿಗೆ ಕಾಲೂಪುರದ ಸ್ವಾಮಿನಾರಾಯಣ ಮಂದಿರದ ಅಂಗಳದಲ್ಲಿರಬೇಕು. 1822ರ ಈ ಮಂದಿರ ಆ ಸಂಪ್ರದಾಯದ ಮೊದಲನೆಯದು. ಮಹಾನಗರ ಪಾಲಿಕೆ 1997ರಿಂದ ನಡೆಸುತ್ತ ಬಂದಿರುವ ಹೆರಿಟೇಜ್ ವಾಕ್ ಇಲ್ಲಿ ಶುರುವಾಗಿ ಎರಡೂವರೆ ಗಂಟೆಯಲ್ಲಿ ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಗುಂಪಿನಲ್ಲಿ ತಿರುಗುವುದು ಬೇಸರವೆನ್ನುವವರೂ ಇದೊಂದನ್ನು ತಪ್ಪಿಸಬಾರದು. ಹಳೇ ಊರು ಪೋಳ್‌ಗಳಿಂದ ಆದದ್ದು. ಪೋಳ್ ಎಂದರೆ ಒಂದು ಹೆಬ್ಬಾಗಿಲು, ಒಳಗೆ ಕವಲೊಡೆಯುವ ಓಣಿ, ಎರಡೂ ಬದಿಗೆ ಗೋಡೆಗೆ ಗೋಡೆ ತಾಗಿದ ಮನೆಗಳು, ಹಿಂದೆ ಒಂದೇ ಜಾತಿ ಅಥವಾ ಒಂದೇ ಕಸುಬಿನವರ ಕೇರಿ. ಒಂದು ಪೋಳ್‌ನಿಂದ ಇನ್ನೊಂದಕ್ಕೆ ದಾಟುವ ಗುಪ್ತದಾರಿಗಳಿವೆ. ಹೊರಗಿನಿಂದ ಅವು ಯಾರದೋ ಮನೆಬಾಗಿಲ ಹಾಗೇ ಕಾಣುತ್ತವೆ. ಫೋನಿನ ನಕ್ಷೆ ಅವನ್ನು ತೋರಿಸದು, ಗೊತ್ತಿಲ್ಲದೆ ನುಗ್ಗಿದರೆ ನಿಜಕ್ಕೂ ಯಾರದೋ ನಡುಮನೆ ಸೇರುತ್ತೀರಿ.

ದಾರಿಯಲ್ಲಿ ಮಾರ್ಗದರ್ಶಿ ಬೇಗ ದಾಟಿಸುವ ಎರಡು ವಿಷಯಗಳಿಗೆ ನಿಂತು ಕಣ್ಣು ಕೊಡಿ. ಒಂದು, ಟಾಂಕಾ. ಮನೆಯ ನಡು ಚೌಕದ ಕೆಳಗೆ ಒಂದು ಕೋಣೆಯಷ್ಟು ದೊಡ್ಡ ತೊಟ್ಟಿ. ಮಳೆನೀರು ಮಾಳಿಗೆಯಿಂದ ಕೊಳವೆಯಲ್ಲಿ ಇಳಿದು ಅದರಲ್ಲಿ ತುಂಬುತ್ತದೆ. ಮೊದಲ ಮಳೆಯ ನೀರನ್ನು ಒಳಗೆ ಬಿಡುವುದಿಲ್ಲ, ಅದು ಮಾಳಿಗೆಯ ಧೂಳು ತೊಳೆಯಲಿಕ್ಕೆ. ಸಣ್ಣ ಬಾಯಿಗೆ ಮುಚ್ಚಳ ಹಾಕಿ ಬೆಳಕು ಹೋಗದಂತೆ ಮಾಡಿದರೆ ಪಾಚಿ ಕಟ್ಟುವುದಿಲ್ಲ, ಮುಂದಿನ ಮಳೆಗಾಲದವರೆಗೆ ಕುಡಿಯಲು ಬರುತ್ತದೆ. ಎರಡನೆಯದು, ಗೋಡೆಯ ಇಟ್ಟಿಗೆಗಳ ನಡುವೆ ಅಡ್ಡಡ್ಡ ಕಾಣುವ ಮರದ ತೊಲೆಗಳು. ಅಲಂಕಾರಕ್ಕೆ ಇಟ್ಟವಲ್ಲ ಅವು. ನೆಲ ನಡುಗಿದಾಗ ಇಟ್ಟಿಗೆ ಬಿರಿಯದಂತೆ ಹಿಡಿದುಕೊಂಡು ಕಟ್ಟಡ ತುಸು ತೂಗಲು ಬಿಡುತ್ತವೆ. 2001ರ ಭೂಕಂಪದಲ್ಲಿ ನದಿಯಾಚೆಯ ಹೊಸ ಬಹುಮಹಡಿ ಕಟ್ಟಡಗಳು ಕುಸಿದಾಗ ಇಂಥ ಎಷ್ಟೋ ಮನೆಗಳು ನಿಂತೇ ಇದ್ದವು. ಕಂಬದ ಮೇಲಿನ ಹಕ್ಕಿಗೂಡಿನಂಥ ಚಬೂತರೊಗಳ ಫೋಟೊ ಎಲ್ಲರೂ ತೆಗೆಯುತ್ತಾರೆ, ಹೇಳಬೇಕಾಗಿಲ್ಲ. ಕವಿ ದಲಪತರಾಮರ ಮನೆ ಇದ್ದ ಚೌಕದಲ್ಲಿ ಕವಿಯ ಲೋಹದ ಪ್ರತಿಮೆ ಜಗಲಿಯಲ್ಲಿ ಕುಳಿತಿದೆ. ಹಳೇ ಪುಸ್ತಕಗಳ ಹುಚ್ಚಿದ್ದವರು ಗಾಂಧಿ ರಸ್ತೆಯ ಫರ್ನಾಂಡಿಸ್ ಸೇತುವೆಯ ಅಡಿಯ ಅಂಗಡಿಗಳ ಗುರುತು ಇಟ್ಟುಕೊಂಡು ಆಮೇಲೆ ಬನ್ನಿ.

1424ರ ಜಾಮಾ ಮಸೀದಿಗೆ ಹತ್ತೂವರೆಗೆಲ್ಲ ಮುಟ್ಟುತ್ತೀರಿ. ಶುಕ್ರವಾರವಾದ್ದರಿಂದ ಮಧ್ಯಾಹ್ನದ ನಮಾಜಿನ ಜನ ಸೇರುವ ಮುನ್ನ ಕಂಬಗಳ ಕಾಡನ್ನು ಸಾವಕಾಶವಾಗಿ ನೋಡಿ ಹೊರಬರಲು ಸಮಯ ಸಾಕು.

ಅಲ್ಲಿಂದ ತೀನ್ ದರವಾಜಾ, ಭದ್ರಾ ಕೋಟೆ ದಾಟಿ ಲಾಲ್ ದರವಾಜಾಕ್ಕೆ ನಡೆದರೆ ಸಿದಿ ಸೈಯದ್ ಮಸೀದಿಯ ಆಸುಪಾಸಿನಲ್ಲಿ ನ್ಯೂ ಲಕ್ಕಿ ರೆಸ್ಟೊರಾಂಟ್. ಹಳೇ ಗೋರಿಗಳಿದ್ದ ಜಾಗದಲ್ಲಿ ಚಹಾದಂಗಡಿಯಾಗಿ ಶುರುವಾಯಿತು. ವ್ಯಾಪಾರ ಬೆಳೆದಾಗ ಗೋರಿ ಕೀಳಿಸಲಿಲ್ಲ, ಅವುಗಳ ಸುತ್ತ ನೆಲ ಹಾಸಿ, ಮೇಲೆ ಸೂರು ಹಾಕಿ, ನಡುವೆ ಟೇಬಲ್ ಜೋಡಿಸಿದರು. ಹಸಿರು ಬಣ್ಣದ ಗೋರಿಗಳ ಸುತ್ತ ಮೊಣಕಾಲೆತ್ತರದ ಕಬ್ಬಿಣದ ಕಟಕಟೆ. ಸಿಬ್ಬಂದಿ ಪ್ರತಿ ಬೆಳಿಗ್ಗೆ ಅವನ್ನು ಒರೆಸಿ ಹೂವಿಡುತ್ತಾರೆ. ಒಂದು ಮರದ ಬೊಡ್ಡೆಯೂ ಒಳಗೇ ಇದ್ದು ಚಾವಣಿ ಸೀಳಿ ಮೇಲೆ ಹೋಗಿದೆ. ಯಾರ ಗೋರಿಗಳೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಿನವೂ ಬರುವ ವಕೀಲರು, ಕಾಲೇಜು ಹುಡುಗರು, ಅಂಗಡಿಯವರು ಪೇಪರ್ ಓದುತ್ತ ಗೋರಿಯ ಪಕ್ಕ ಕುಳಿತಿರುತ್ತಾರೆ, ಬೆಚ್ಚಿಬೀಳುವವರು ನಾವು ಪರವೂರಿನವರು ಮಾತ್ರ. ಇಲ್ಲಿ ತರಿಸಬೇಕಾದದ್ದು ಮಸ್ಕಾ ಬನ್ ಮತ್ತು ಚಹಾ, ಅಷ್ಟೇ. ಬನ್ ಮೆತ್ತಗೆ, ಸ್ವಲ್ಪ ಸಿಹಿ, ನಡುವೆ ಬೆಣ್ಣೆ ಧಾರಾಳ. ಉದ್ದ ಮೆನುವಿನ ಮಿಕ್ಕ ತಿಂಡಿಗಳು ಎಲ್ಲ ಊರಿನಲ್ಲೂ ಸಿಗುವಂಥವು. ಇಲ್ಲಿನ ಚಹಾದ ಖಾಯಂ ಗಿರಾಕಿಯಾಗಿದ್ದ ಚಿತ್ರಕಲಾವಿದ ಎಂ. ಎಫ್. ಹುಸೇನ್ 1994ರಲ್ಲಿ ಕೊಟ್ಟ ಚಿತ್ರ ಗೋಡೆಯ ಮೇಲಿದೆ. ಫೋಟೊ ತೆಗೆಯಲು ಅಡ್ಡಿಯಿಲ್ಲ, ಆದರೆ ಕಟಕಟೆಯ ಮೇಲೆ ಕಾಲು, ಚೀಲ ಇಡಬೇಡಿ.

ಸಿದಿ ಸೈಯದ್ ಮಸೀದಿಯ ಜಾಲಂಧ್ರ, ಅಂದರೆ ಕಲ್ಲಿನಲ್ಲಿ ಕೊರೆದ ಜಾಲರಿ ಕಿಟಕಿ, ಅಹಮದಾಬಾದಿನ ಗುರುತಿನ ಚೀಟಿಯೇ ಆಗಿಬಿಟ್ಟಿದೆ, ಐಐಎಂ ಅಹಮದಾಬಾದಿನ ಲಾಂಛನಕ್ಕೂ ಅದೇ ಮೂಲ. ಗುಜರಾತಿನ ಸುಲ್ತಾನರ ಆಳ್ವಿಕೆ ಮುಗಿದ 1573ರ ಹೊತ್ತಿನ ಕೆಲಸ. ಬೆಳಿಗ್ಗೆ ಎದುರಿನಿಂದ ನೋಡಿ ಇಷ್ಟೇನಾ ಎಂದು ಹೋಗುವವರು ಬಹಳ ಜನ. ಹೆಣೆದುಕೊಂಡ ಮರದ ಕೊಂಬೆಗಳಂತೆ ಕೊರೆದ ಆ ಕಲ್ಲುಗಳಿರುವುದು ಪಶ್ಚಿಮದ ಗೋಡೆಯಲ್ಲಿ, ಅಂದರೆ ಹಿಂಬದಿಗೆ. ಬಿಸಿಲು ಆ ಕಡೆ ತಿರುಗಿದ ಮೇಲೆ, ಇಳಿಹೊತ್ತಿನಲ್ಲಿ, ಹಿಂದಿನ ರಸ್ತೆಯಿಂದ ನೋಡಬೇಕು.

ಮಧ್ಯಾಹ್ನ ನದಿ ದಾಟಿ ಆಶ್ರಮ ರಸ್ತೆಯ ಗಿರಣಿ ಮಾಲೀಕರ ಭವನಕ್ಕೆ. ಆಟೊದವರಿಗೆ ಕಾರ್ಬ್ಯುಸಿಯೆ ಎಂದರೆ ಗೊತ್ತಾಗದು, ‘ಆತ್ಮಾ ಹೌಸ್’ ಎನ್ನಿ. 1954ರ ಈ ಭವನದ ರಸ್ತೆ ಬದಿಯಲ್ಲಿ ಕಾಂಕ್ರೀಟಿನ ಹಲಗೆಗಳು ಓರೆಯಾಗಿ ನಿಂತಿವೆ, ಪಡುವಣ ಬಿಸಿಲು ಒಳಬರದಿರಲೆಂದು. ನದಿಯ ಬದಿಯಲ್ಲಿ ಅವೇ ಹಲಗೆಗಳು ನೇರ, ಗಾಳಿ ಬರಲೆಂದು. ರಸ್ತೆಯಿಂದ ಇಳಿಜಾರಿನ ದಾರಿ ಸೀದಾ ಮೊದಲ ಮಹಡಿಗೇ ಹತ್ತುತ್ತದೆ. ಕಾವಲುಗಾರನಿಗೆ ಹೇಳಿ, ಕಚೇರಿಯಲ್ಲಿ ಅನುಮತಿ ಕೇಳಿ ಒಳಗೆ ಹೋಗಿ.

ರಾತ್ರಿಯ ಊಟ ಮಾಣೆಕ್ ಚೌಕದಲ್ಲಿ. ಆದರೆ ಏಳಕ್ಕೇ ಹಸಿವಾಗುತ್ತದೆ, ಚೌಕದಲ್ಲಿ ಒಲೆ ಹೊತ್ತುವುದು ಚಿನ್ನಬೆಳ್ಳಿಯ ಅಂಗಡಿಗಳು ಕದ ಎಳೆದ ಮೇಲೆ. ಅಷ್ಟರತನಕ ತಡೆಯಲು ರಾಯ್‌ಪುರ ದರವಾಜಾದ ಬಳಿಯ ಹಳೇ ಭಜಿಯಾ ಅಂಗಡಿ ಇದೆ. ಬೋಂಡಾದ ಜೊತೆ ಚಟ್ನಿ ಕೊಡದಿರುವುದೇ ಅದರ ಖ್ಯಾತಿ. ಕೇಳಿ ನಿರಾಶರಾಗಬೇಡಿ.

ಮಾಣೆಕ್ ಚೌಕಕ್ಕೆ ದಿನಕ್ಕೆ ಮೂರು ವೇಷ. ಬೆಳಿಗ್ಗೆ ತರಕಾರಿ, ಹಗಲಿಡೀ ಒಡವೆ ವ್ಯಾಪಾರ, ರಾತ್ರಿ ತಿಂಡಿ. ಒಂಬತ್ತರ ನಂತರ ಕೈಗಾಡಿ, ಕಾವಲಿ, ಪ್ಲಾಸ್ಟಿಕ್ ಕುರ್ಚಿಗಳು ಹೊರಬಂದು, ಹತ್ತರ ಹೊತ್ತಿಗೆ ಕೂರಲು ಜಾಗವಿರುವುದಿಲ್ಲ. ಮಧ್ಯರಾತ್ರಿ ದಾಟಿಯೂ ನಡೆಯುತ್ತದೆ. ಒಂಬತ್ತೂವರೆ ಸರಿಯಾದ ಸಮಯ. ಇಲ್ಲಿಯದೇ ಎನ್ನಬಹುದಾದ್ದು ಸ್ಯಾಂಡ್‌ವಿಚ್‌ಗಳು: ಘೂಘರಾ, ಅನಾನಸ್, ಚಾಕೊಲೇಟ್. ಅನಾನಸಿನದರಲ್ಲಿ ಬ್ರೆಡ್ಡಿಗೆ ಬೆಣ್ಣೆ, ಜಾಮ್, ಹಣ್ಣಿನ ಬಿಲ್ಲೆ, ಮೇಲೆ ಬ್ರೆಡ್ಡೇ ಕಾಣದಷ್ಟು ತುರಿದ ಚೀಸ್. ಒಂದನ್ನು ಇಬ್ಬರು ತಿಂದರೆ ಸಾಕು, ಇಲ್ಲವಾದರೆ ಕುಲ್ಫಿಗೆ ಜಾಗವಿರದು. ಗ್ವಾಲಿಯಾ ದೋಸೆ ಎಂಬುದೂ ಇದೆ. ಅದನ್ನು ಬಸವನಗುಡಿಯ ತಕ್ಕಡಿಯಲ್ಲಿ ತೂಗಿದರೆ ಜಗಳವೇ. ಬೆಣ್ಣೆ, ಚೀಸಿನ ತಿಂಡಿಯೆಂದು ತಿಳಿದರೆ ರುಚಿಸುತ್ತದೆ. ಕೂತ ಕುರ್ಚಿ ಯಾರದೋ ಆ ಗಾಡಿಯವನ ಬಳಿಯೇ ಆರ್ಡರ್ ಕೊಡಬೇಕು. ಬೇರೆಯವನಿಂದ ತಂದು ತಿಂದರೆ ಎಬ್ಬಿಸುತ್ತಾರೆ.

ಚೌಕಕ್ಕೆ ಹೆಸರು ಕೊಟ್ಟ ಬಾಬಾ ಮಾಣೆಕನಾಥರ ಸಮಾಧಿ ಇಲ್ಲೇ ಇದೆ. ಸುಲ್ತಾನ್ ಅಹಮದ್ ಶಾ 1411ರಲ್ಲಿ ಊರು ಕಟ್ಟಿಸುವಾಗ ಬಾಬಾ ಹಗಲೆಲ್ಲ ಚಾಪೆ ಹೆಣೆದು ರಾತ್ರಿ ಬಿಚ್ಚುತ್ತಿದ್ದರಂತೆ, ಬಿಚ್ಚಿದಾಗಲೆಲ್ಲ ಅಂದು ಕಟ್ಟಿದ ಕೋಟೆಗೋಡೆ ಬೀಳುತ್ತಿತ್ತಂತೆ. ಪಕ್ಕದಲ್ಲೇ ಸುಲ್ತಾನನ ಗೋರಿ, ರಾಣಿಯರ ಗೋರಿ. ರಾಣಿಯರದರ ಸುತ್ತ ಬಟ್ಟೆ, ಬಳೆ ಅಂಗಡಿಗಳು ಒತ್ತಿ ನಿಂತಿವೆ. ಅಷ್ಟು ಹೊತ್ತಿಗೆ ಮೆಟ್ರೊ ಇರುವುದಿಲ್ಲ, ಆ್ಯಪ್‌ನ ಕಾರು ಚೌಕದೊಳಗೆ ಬಾರದು. ಗಾಂಧಿ ರಸ್ತೆಗೆ ನಡೆದು ಅಲ್ಲಿ ಕರೆಸಿಕೊಳ್ಳಿ.

ಎರಡನೇ ದಿನ, ಶನಿವಾರ

ಎಂಟೂವರೆಗೆ ಅಸಾರ್ವಾದ ದಾದಾ ಹರಿರ್ ವಾವ್. ವಾವ್ ಎಂದರೆ ಮೆಟ್ಟಿಲು ಬಾವಿ. ಅಡಾಲಜ್‌ನ ಮೆಟ್ಟಿಲು ಬಾವಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಅದು ಊರಿನಿಂದ ಹದಿನೆಂಟು ಕಿಲೋಮೀಟರ್ ಆಚೆ. ಊರೊಳಗಿನ ಇದಕ್ಕೆ ಬರುವವರು ಬೆರಳೆಣಿಕೆ. ರಸ್ತೆಯಿಂದ ಕಾಣುವುದು ಒಂದು ಮಂಟಪ ಮಾತ್ರ, ಉಳಿದದ್ದೆಲ್ಲ ನೆಲದೊಳಗೆ, ಐದು ಅಂತಸ್ತು. ಸುಲ್ತಾನ್ ಮಹಮೂದ್ ಬೇಗಡಾನ ಜನಾನಾದ ಮೇಲ್ವಿಚಾರಕಿ ಬಾಯಿ ಹರಿರ್ 15ನೇ ಶತಮಾನದ ಕೊನೆಗೆ ಕಟ್ಟಿಸಿದ್ದು. ಗೋಡೆಯಲ್ಲಿ ಒಂದು ಶಾಸನ ಸಂಸ್ಕೃತದಲ್ಲಿ, ಇನ್ನೊಂದು ಅರಬ್ಬಿಯಲ್ಲಿ. ಪೂರ್ವದಿಂದ ಪಶ್ಚಿಮಕ್ಕೆ ಮೆಟ್ಟಿಲಿಳಿಯುತ್ತ ಹೋದಂತೆ ಕಂಬಗಳ ಅಂಕಣಗಳು ಒಂದರೊಳಗೊಂದು ಕಾಣುತ್ತವೆ. ಕೊನೆಯಲ್ಲಿ ಎಂಟು ಮೂಲೆಯ ಕಟ್ಟೆ, ಅದರಾಚೆ ಬಾವಿ. ಕೆಳಗಿಳಿದಂತೆ ಮೈಗೆ ತಂಪು ತಾಗುತ್ತದೆ. ಮಣ್ಣಿನ ಆಳ ಬಿಸಿಲನ್ನು ತಡೆಯುವುದೇ ಕಾರಣ, ನೀರು ಬತ್ತಿದ್ದರೂ ತಂಪು ಹೋಗುವುದಿಲ್ಲ. ಬೆಳಿಗ್ಗೆಯ ಬಿಸಿಲು ಮೆಟ್ಟಿಲ ಉದ್ದಕ್ಕೂ ಒಳಗಿಳಿಯುತ್ತದೆ, ಮಧ್ಯಾಹ್ನದ ನಂತರ ಕೆತ್ತನೆ ಕತ್ತಲಾಗುತ್ತದೆ. ಕೆಳಗಿನ ಮೆಟ್ಟಿಲುಗಳ ಮೇಲೆ ಪಾರಿವಾಳದ ಹಿಕ್ಕೆ, ಜಾರುತ್ತದೆ. ಹಿಡಿತವಿರುವ ಚಪ್ಪಲಿ ಹಾಕಿ, ಚಿಕ್ಕ ಟಾರ್ಚ್ ಒಯ್ಯಿರಿ. ಹತ್ತಿರದಲ್ಲೇ ಇದಕ್ಕಿಂತ ಹಳೆಯದಾದ, ಸೋಲಂಕಿಯರ ಕಾಲದ ಮಾತಾ ಭವಾನಿ ವಾವ್ ಇದೆ. ಅದರ ತಳ ಈಗ ದೇವಿಯ ಗುಡಿ, ದಿನವೂ ಪೂಜೆ ನಡೆಯುತ್ತದೆ, ಚಪ್ಪಲಿ ಮೇಲೆಯೇ ಬಿಡಬೇಕು.

ಹತ್ತೂಕಾಲಿಗೆ ಶಾಹಿಬಾಗ್‌ನಲ್ಲಿ ಕ್ಯಾಲಿಕೊ ಗೇಟಿನ ಮುಂದೆ ನಿಂತಿರಿ. ಗೌತಮ್ ಮತ್ತು ಗಿರಾ ಸಾರಾಭಾಯಿ 1949ರಲ್ಲಿ ಹುಟ್ಟುಹಾಕಿದ ಈ ಸಂಗ್ರಹ ಈಗ ಸಾರಾಭಾಯಿ ಮನೆತನದ ಬಂಗಲೆಯ ತೋಟದಲ್ಲಿದೆ. ಪ್ರವೇಶ ಉಚಿತ, ನಿಯಮ ಮಾತ್ರ ಬಿಗಿ: ಗುಂಪಿನಲ್ಲಿ ಕೆಲವರೇ, ಚೀಲವಿಲ್ಲ, ಕ್ಯಾಮೆರಾ ಇಲ್ಲ, ಮೊಬೈಲ್ ಇಲ್ಲ, ಚಿಕ್ಕ ಮಕ್ಕಳಿಗೆ ಪ್ರವೇಶವಿಲ್ಲ, ಮಾರ್ಗದರ್ಶಿಯ ಹೆಜ್ಜೆ ಬಿಟ್ಟು ಹಿಂದುಳಿಯುವಂತಿಲ್ಲ. ಒಳಗೆ ಮಬ್ಬುಗತ್ತಲು. ಸಸ್ಯದ ಬಣ್ಣಗಳು ಬೆಳಕಿಗೆ ಮಾಸುತ್ತವೆ, ಅದಕ್ಕೇ. ಮೊಗಲರ ಡೇರೆಗಳು, ಗುಡಿಯಲ್ಲಿ ದೇವರ ಹಿಂದೆ ತೂಗುಹಾಕುವ ಪಿಛವಾಯಿ ಚಿತ್ರಬಟ್ಟೆಗಳು, ಕಲಂಕಾರಿ ಎಲ್ಲ ಇವೆ. ಆದರೆ ಪಾಟಣದ ಪಟೋಲಾ ರೇಷ್ಮೆ ಸೀರೆ ಬಂದಾಗ ಮುಂದಿನ ಸಾಲಿಗೆ ನುಗ್ಗಿ. ಅದರಲ್ಲಿ ಹಾಸಿನ ನೂಲು, ಹೊಕ್ಕಿನ ನೂಲು ಎರಡನ್ನೂ ನೇಯುವ ಮೊದಲೇ ಗಂಟು ಕಟ್ಟಿ ಬಣ್ಣ ಹಾಕುತ್ತಾರೆ. ಮಗ್ಗದಲ್ಲಿ ಎರಡೂ ಒಂದೇ ಬಿಂದುವಿನಲ್ಲಿ ಕೂಡಿದರೆ ಆನೆ, ಗಿಳಿ ಮೂಡುತ್ತವೆ. ಕೂದಲೆಳೆ ತಪ್ಪಿದರೆ ಅಂಚು ಮಸುಕು. ಎರಡು ಮುಖವೂ ಒಂದೇ ತೆರನಾಗಿರುವುದರಿಂದ ಸೀರೆಗೆ ಒಳಮೈ ಹೊರಮೈ ಎಂಬುದಿಲ್ಲ.

ಊಟಕ್ಕೆ ಮತ್ತೆ ಲಾಲ್ ದರವಾಜಾ. ಗಿರಣಿ ಮಾಲೀಕ ಮಂಗಳದಾಸ ಗಿರಿಧರದಾಸರ 1924ರ ಮಹಲು ಈಗ ‘ದ ಹೌಸ್ ಆಫ್ ಎಂ. ಜಿ.’ ಎಂಬ ಹೋಟೆಲು, ಅದರ ಮಾಳಿಗೆಯಲ್ಲಿ ಅಗಾಶಿಯೆ. ಒಬ್ಬರಿಗೆ ಸಾವಿರ ರೂಪಾಯಿಯ ಮೇಲಾಗುವ ಥಾಲಿ. ದುಬಾರಿಯೇ, ಆದರೆ ಊರಿನ ಬೇರೆ ಥಾಲಿ ಮನೆಗಳಲ್ಲಿ ತಟ್ಟೆ ತುಂಬಿಸುವ ಅವಸರ ಇಲ್ಲಿಲ್ಲ. ಮೊದಲೇ ಮೇಜು ಕಾಯ್ದಿರಿಸಿ. ಗುಜರಾತಿ ಥಾಲಿಯಲ್ಲಿ ಸಿಹಿ ಕೊನೆಗಲ್ಲ, ಫರ್ಸಾಣ ಎಂಬ ಖಾರದ ತಿಂಡಿಗಳ ಜೊತೆ ಮೊದಲಿಗೇ ಬರುತ್ತದೆ, ನಡುನಡುವೆ ತಿನ್ನಬೇಕು. ದಾಲ್‌ಗೆ ಬೆಲ್ಲ, ಕೋಕಂ ಬಿದ್ದಿರುತ್ತದೆ. ಉಡುಪಿ ಕಡೆಯವರಿಗೆ ಹೊಸದೆನಿಸದು, ವಿಜಯಪುರ, ಬಾಗಲಕೋಟೆಯವರು ಹಸಿಮೆಣಸಿನಕಾಯಿ ಕೇಳಿ ತರಿಸಿಕೊಳ್ಳಿ. ಚಳಿಗಾಲವಾದರೆ ತರಕಾರಿ, ಗೆಡ್ಡೆಗಳನ್ನು ಬೆರೆಸಿ ಬೇಯಿಸಿದ ಉಂಧಿಯು, ಬೇಸಿಗೆಯಾದರೆ ಮಾವಿನ ರಸ. ಬೇಡವೆಂದು ಬಾಯಲ್ಲಿ ಹೇಳಿದರೆ ಬಡಿಸುವವರು ನಂಬುವುದಿಲ್ಲ, ತಟ್ಟೆಗೆ ಕೈ ಅಡ್ಡ ಹಿಡಿಯಬೇಕು.

ನಾಲ್ಕಕ್ಕೆ ಗುಫಾ, ಅಂದರೆ ಆ ನೆಲದಡಿಯ ಚಿತ್ರಗುಹೆ. ಗುಜರಾತ್ ವಿಶ್ವವಿದ್ಯಾಲಯದ ಬಳಿ, ವಾಸ್ತುಶಿಲ್ಪ ಕಲಿಸುವ ಸೆಪ್ಟ್ ಆವರಣದ ಮಗ್ಗುಲಲ್ಲಿ ಒಡೆದ ಪಿಂಗಾಣಿ ಚೂರು ಮೆತ್ತಿದ ಬಿಳಿ ಗುಮ್ಮಟಗಳು ನೆಲದಿಂದೆದ್ದಂತೆ ಕಾಣುತ್ತವೆ, ಮೇಲೆ ಒಂದು ಕರಿನಾಗರ ಹರಿದಿದೆ. ವಾಸ್ತುಶಿಲ್ಪಿ ಬಿ. ವಿ. ದೋಶಿ ಮತ್ತು ಹುಸೇನ್ ಸೇರಿ 1990ರ ದಶಕದ ಮಧ್ಯದಲ್ಲಿ ಮಾಡಿದ್ದು. ಬೆಂಗಳೂರು ಬನ್ನೇರುಘಟ್ಟ ರಸ್ತೆಯ ಐಐಎಂನ ಬೂದುಗಲ್ಲಿನ ಉದ್ದ ಮೊಗಸಾಲೆಗಳಲ್ಲಿ ನಡೆದವರಿಗೆ ಅದೂ ಇದೂ ಒಬ್ಬರದೇ ಕೈಯೆಂದರೆ ನಂಬುವುದು ಕಷ್ಟ. ಇಲ್ಲಿ ನೇರ ಗೋಡೆಯಿಲ್ಲ, ಸಮತಟ್ಟು ನೆಲವಿಲ್ಲ. ಚಿಪ್ಪು ಫೆರೊಸಿಮೆಂಟಿನದು: ತಂತಿಬಲೆ ಬಗ್ಗಿಸಿ, ಮೇಲೆ ಗಾರೆ ಬಳಿದದ್ದು, ದಪ್ಪ ಒಂದಂಗುಲದಷ್ಟು. ಬಾಗಿದ ಆಕಾರವೇ ಭಾರ ಹೊರುವುದರಿಂದ ಅಷ್ಟು ತೆಳುವಾದದ್ದು ನಿಲ್ಲುತ್ತದೆ. ವಿನ್ಯಾಸಕ್ಕೆ ಕಂಪ್ಯೂಟರ್ ಬಳಸಿದರು, ಕಟ್ಟಿದ್ದು ಕೈ ಉಪಕರಣ ಹಿಡಿದ ಆದಿವಾಸಿ ಕೂಲಿಗಳು. ಕಂಬಗಳು ಮರದ ಬೊಡ್ಡೆಯಂತೆ ಓರೆಕೋರೆ. ಹುಸೇನ್ ಗೋಡೆ, ಚಾವಣಿ, ಬಾಗಿಲು ಯಾವುದನ್ನೂ ಬಿಡದೆ ಬರೆದಿದ್ದಾರೆ. ಬೆಳಕು ಬರುವುದು ಮೂತಿಯಂಥ ದುಂಡು ಕಿಂಡಿಗಳಿಂದ, ಬಿಸಿಲ ಬಿಲ್ಲೆಗಳು ನೆಲದ ಮೇಲೆ ಸರಿಯುತ್ತವೆ. ಕತ್ತಲಾದ ಮೇಲೆ ಹೋದರೆ ಇದೇ ಕಾಣದು, ಆದ್ದರಿಂದ ನಾಲ್ಕರಿಂದ ಐದೂವರೆಯೊಳಗೆ. ವಯಸ್ಸಾದವರ ಕೈ ಹಿಡಿದುಕೊಳ್ಳಿ, ಏರುತಗ್ಗಿನ ನೆಲ ಮಬ್ಬಿನಲ್ಲಿ ತಿಳಿಯುವುದಿಲ್ಲ. ನೋಡಿ ಮುಗಿಸಿ ಪಕ್ಕದ ಝೆನ್ ಕೆಫೆಯಲ್ಲಿ ಮರದಡಿ ಕಾಫಿ ಕುಡಿಯುತ್ತ ಕೂರಬಹುದು, ಕೂತಲ್ಲಿಂದ ಗುಮ್ಮಟಗಳು ಕಾಣುತ್ತವೆ.

ಈ ಊರಲ್ಲಿ ಮಾಂಸದೂಟ ಸಿಗದೆಂದು ತಿಳಿದು ಬರುವವರಿಗೆ ತೀನ್ ದರವಾಜಾ ಬಳಿಯ ಭಠಿಯಾರ್ ಗಲಿ. ರಾತ್ರಿ ಎಂಟರ ನಂತರ ಕಬಾಬು, ಸಮೋಸ, ತವಾದ ಅಡುಗೆಯ ಹೊಗೆ ಆ ಸಂದಿಯನ್ನೇ ತುಂಬುತ್ತದೆ. ನಿಂತು ತಿನ್ನುವ ಜಾಗ.

ಮೂರನೇ ದಿನ, ಭಾನುವಾರ

ಭಾನುವಾರ ಬೆಳಿಗ್ಗೆ ಊರಿಗೆ ಊರೇ ಫಾಫಡಾ, ಜಿಲೇಬಿಗೆ ಸಾಲು ನಿಂತಿರುತ್ತದೆ. ಯಾವ ಅಂಗಡಿಯೆಂದು ತಲೆಕೆಡಿಸಿಕೊಳ್ಳಬೇಡಿ, ಸಾಲು ಉದ್ದವಿದ್ದಲ್ಲಿ ನಿಂತರೆ ಬಾಣಲೆಯಿಂದ ಆಗತಾನೇ ತೆಗೆದದ್ದು ಸಿಗುತ್ತದೆ. ಕಡಲೆಹಿಟ್ಟಿನ ಫಾಫಡಾ ಆರಿದರೆ ಚರ್ಮದಂತೆ ಜಿಗುಟಾಗುತ್ತದೆ, ಕಟ್ಟಿಸಿಕೊಂಡು ಕೋಣೆಗೆ ಒಯ್ಯುವುದು ವ್ಯರ್ಥ. ಜೊತೆಗೆ ಕೊಡುವ ಹಸಿ ಪಪ್ಪಾಯಿಯ ಸಂಭಾರೊ ಮತ್ತು ಕರಿದ ಮೆಣಸಿನಕಾಯಿ ಬಿಡಬೇಡಿ.

ಅಲ್ಲಿಂದ ಎಲ್ಲಿಸ್ ಬ್ರಿಜ್ ಕಡೆಯ ನದಿದಂಡೆಯ ರವಿವಾರಿ ಸಂತೆ. ಬೀಗ, ಸ್ಪ್ಯಾನರ್, ತಾಮ್ರದ ಹಂಡೆ, ಹೊಲಿಗೆ ಯಂತ್ರ, ಮಂಚ, ಪಠ್ಯಪುಸ್ತಕ. ಒಂಬತ್ತರೊಳಗೆ ಹೋದವರಿಗೆ ಒಳ್ಳೆಯ ಸಾಮಾನು, ಸಂಜೆ ಹೋದವರಿಗೆ ಕಡಿಮೆ ಬೆಲೆ. ಹಿತ್ತಾಳೆಯೆಂದು ಕೊಡುವುದರಲ್ಲಿ ಲೇಪದ ಕಬ್ಬಿಣವೂ ಇರುತ್ತದೆ, ಜೇಬಿನಲ್ಲೊಂದು ಅಯಸ್ಕಾಂತ ಇರಲಿ. ಹತ್ತಿರದಲ್ಲೇ 1892ರ ಉಕ್ಕಿನ ಕಮಾನು ಸೇತುವೆ.

ಸೇತುವೆಯಾಚೆ ಪಾಲ್ಡಿಯಲ್ಲಿ ಕೋಚರಬ್ ಆಶ್ರಮ. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಬಂದು 1915ರ ಮೇ 25ರಂದು ಶುರುಮಾಡಿದ ಮೊದಲ ಆಶ್ರಮ, ಬ್ಯಾರಿಸ್ಟರ್ ಜೀವಣಲಾಲ್ ದೇಸಾಯಿಯವರ ಬಂಗಲೆ. ಎರಡು ವರ್ಷದಲ್ಲಿ ಸಾಬರಮತಿಗೆ ಹೋದದ್ದರಿಂದ ಯಾತ್ರಿಕರೂ ಅಲ್ಲಿಗೇ ಹೋಗುತ್ತಾರೆ. ಇಲ್ಲಿ ಅರ್ಧ ಗಂಟೆ ಸಾಕು.

ಮಧ್ಯಾಹ್ನ ವಿಶ್ರಾಂತಿ ತೆಗೆದುಕೊಂಡು ನಾಲ್ಕೂವರೆಗೆ ಸರ್ಖೇಜ್ ರೋಜಾ. ಅಹಮದಾಬಾದಿಗೆ ಅಡಿಗಲ್ಲಿಟ್ಟರೆಂದು ಹೇಳುವ ನಾಲ್ವರು ಅಹಮದರಲ್ಲಿ ಒಬ್ಬರಾದ ಸಂತ ಶೇಖ್ ಅಹಮದ್ ಖಟ್ಟು ಅವರ ಗೋರಿ. 1446ರಲ್ಲಿ ಶುರುವಾಗಿ 1451ರಲ್ಲಿ ಮುಗಿಯಿತು. ಮಹಮೂದ್ ಬೇಗಡಾ ಕೆರೆಯನ್ನೂ ಅರಮನೆಯನ್ನೂ ಸೇರಿಸಿ, ಕೊನೆಗೆ ತಾನೂ ಇಲ್ಲೇ ಮಣ್ಣಾದ. ಮಸೀದಿಗೆ ಮಿನಾರುಗಳಿಲ್ಲ. ಗೋರಿಯ ಸುತ್ತಲ ಗೋಡೆ ಪೂರ್ತಿ ಜಾಲಂಧ್ರ. ಕೆರೆ ಮಳೆಗಾಲದ ನಂತರ ತುಂಬಿರುತ್ತದೆ, ಬೇಸಿಗೆಯಲ್ಲಿ ಅದೇ ಹುಡುಗರ ಕ್ರಿಕೆಟ್ ಮೈದಾನ. ನೀರು ಒಳಬರುವ ಕಡೆ ಕಲ್ಲಿನಲ್ಲಿ ಕೊರೆದ ಮೂರು ದುಂಡು ತೂಬುಗಳನ್ನು ಹುಡುಕಿ ನೋಡಿ. ತಲೆಗೆ ವಸ್ತ್ರ ಬೇಕು, ಚಪ್ಪಲಿ ಹೊರಗೆ.

ವಾಪಸು ಬರುವ ದಾರಿಯಲ್ಲೇ, ವಾಸಣಾದಲ್ಲಿ, ವಿಶಾಲಾ. ಒಳಾಂಗಣ ವಿನ್ಯಾಸಕ ಸುರೇಂದ್ರ ಪಟೇಲ್ 1978ರಲ್ಲಿ ತೆರೆದ ಹಳ್ಳಿಯೂಟದ ಮನೆ. ಹಳ್ಳಿ ಹೆಸರಿನ ಹೋಟೆಲುಗಳು ಈಗ ಹೆದ್ದಾರಿಗೊಂದಿವೆ. ಇದನ್ನು ಬೇರೆ ಮಾಡುವುದು ಒಳಗಿರುವ ವೇಚಾರ್ ಎಂಬ ಪಾತ್ರೆಗಳ ಸಂಗ್ರಹಾಲಯ. ಸ್ಟೀಲು ಬಂದ ಮೇಲೆ ಮನೆಮನೆಯ ಹಿತ್ತಾಳೆ, ಕಂಚು ತೂಕಕ್ಕೆ ಬಿದ್ದು ಕುಲುಮೆಗೆ ಹೋಗುತ್ತಿದ್ದುದನ್ನು ಕಂಡು ಪಟೇಲರು ಅವನ್ನು ಕೊಳ್ಳತೊಡಗಿದರು, 1981ರಲ್ಲಿ ಸಂಗ್ರಹಾಲಯವಾಯಿತು. ಸಾವಿರಾರು ಪಾತ್ರೆಗಳು. ಬೆಸುಗೆ ಹಾಕಿದ್ದೋ, ಎರಕ ಹೊಯ್ದದ್ದೋ, ತಟ್ಟಿ ಎಬ್ಬಿಸಿದ್ದೋ ಎಂಬುದನ್ನು ತಳದ ಅಂಚಿನಲ್ಲಿ ಗುರುತಿಸಬಹುದು. ತಟ್ಟಿದ ಕೊಡದ ಮೈಯಲ್ಲಿ ಸುತ್ತಿಗೆಯ ಗುರುತು ಸಾಲಾಗಿ ಉಳಿದಿರುತ್ತದೆ. ಮಲೆನಾಡಿನವರು ಅಡಕೊತ್ತುಗಳ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ: ಗಿಳಿ, ಕುದುರೆ, ಹೆಣ್ಣು ಗಂಡು ಎದುರುಬದುರಾದವು. ಊಟಕ್ಕೆ ಮೊದಲೇ ಇದನ್ನು ನೋಡಬೇಕು, ಉಂಡ ಮೇಲೆ ಕಾಲು ಏಳುವುದಿಲ್ಲ.

ಊಟ ರಾತ್ರಿ ಎಂಟರ ಹೊತ್ತಿಗೆ, ಲಾಂದ್ರದ ಬೆಳಕಿನಲ್ಲಿ, ನೆಲದ ಮೇಲೆ ಕೂತು, ಮುಂದೆ ಗಿಡ್ಡ ಮರದ ಮಣೆ. ಮೊಣಕಾಲು ನೋವಿದ್ದವರು ಮೊದಲೇ ಹೇಳಿದರೆ ಎತ್ತರದ ಆಸನ ಕೇಳಬಹುದು. ಎಲೆಯ ಪತ್ರಾವಳಿ, ಮಣ್ಣಿನ ಲೋಟ. ಸಜ್ಜೆಯ ರೋಟಲಾ ನಮ್ಮ ಉತ್ತರ ಕರ್ನಾಟಕದ ರೊಟ್ಟಿಗಿಂತ ದಪ್ಪ, ಕೈಯಲ್ಲೇ ತಟ್ಟಿದ್ದು. ಬಿಸಿಯಿರುವಾಗ ಮುರಿದು ಬೆಣ್ಣೆ, ಬೆಲ್ಲ ಹಚ್ಚಿಕೊಳ್ಳಬೇಕು, ಆರಿದರೆ ಗಂಟಲಲ್ಲಿ ಇಳಿಯದು. ಎರಡಕ್ಕೆ ನಿಲ್ಲಿಸಿ, ಖಿಚಡಿ, ಕಢಿ ಇನ್ನೂ ಬರಬೇಕು. ಹೊರಗೆ ಗೊಂಬೆಯಾಟ, ಹಾಡು ನಡೆದಿರುತ್ತದೆ. ರಾತ್ರಿ ಹತ್ತರ ನಂತರ ಆ ರಸ್ತೆಯಲ್ಲಿ ಖಾಲಿ ಆಟೊ ಸಿಗುವುದು ಅಪರೂಪ. ಸರ್ಖೇಜಿಗೆ ಹಿಡಿದ ಆಟೊವನ್ನೇ ಕಾಯುವ ಹಣ ಸೇರಿಸಿ ಮಾತಾಡಿಕೊಂಡಿರಿ, ಹಣ ಮಾತ್ರ ಕೋಣೆಗೆ ಮುಟ್ಟಿಸಿದ ಮೇಲೆ ಕೊಡಿ.